ಪೇಜ್‌ಮೇಕರ್ ಬಿಟ್ಟು ಸ್ಕ್ರೈಬಸ್‌ನಲ್ಲಿ 192 ಪುಟದ ಪುಸ್ತಕ: ನನ್ನ ಅನುಭವ

ಲಿನಕ್ಸ್‌ನಲ್ಲಿ ಕನ್ನಡ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ) ಆಗುವ ಮಾತಲ್ಲ, ಪ್ರೆಸ್ಸಿಗೆ ಹೋದಮೇಲೆ ಒತ್ತಕ್ಷರ ಎಲ್ಲ ಒಡೆಯುತ್ತದೆ ಎಂದವರೇ ಹೆಚ್ಚು. ಡೆಮಿ 1/8 ಅಳತೆ, 16 ಪುಟಕ್ಕೊಂದರಂತೆ 12 ಫಾರಂ, ಪೂರ್ತಿ ಸ್ಕ್ರೈಬಸ್ 1.6 ಎಂಬ ಮುಕ್ತ ತಂತ್ರಾಂಶದಲ್ಲಿ ಕಟ್ಟಿದ ಪುಸ್ತಕ ಈಗ ಬೈಂಡಿಂಗ್ ಆಗಿ ಬಂದಿದೆ. ಒಂದು ಒತ್ತೂ ಒಡೆದಿಲ್ಲ.

ಪೇಜ್‌ಮೇಕರ್ 7ಕ್ಕೆ ನಿಂತುಹೋಯಿತು. ಅದರ ಒಡೆಯ ಅಡೋಬಿ 2013ರಿಂದ ಇನ್‌ಡಿಸೈನ್ ಎಂಬ ಡಿಟಿಪಿ ತಂತ್ರಾಂಶದ ಹೊಸ ಆವೃತ್ತಿಗಳನ್ನು ಬಾಡಿಗೆಗೆ ಮಾತ್ರ ಕೊಡುತ್ತಿದೆ. ಬಾಡಿಗೆ ನಿಲ್ಲಿಸಿದರೆ ನಾವೇ ಕಟ್ಟಿದ ಪುಟ ತಿದ್ದಲು ನಮಗೇ ದಾರಿಯಿಲ್ಲ. ಎರಡು ಸೀಟಿಗೆ ಬಂದ ಕೊಟೇಶನ್ ವರ್ಷಕ್ಕೆ 40 ಸಾವಿರದ ಆಸುಪಾಸು. ಅದರ ಬದಲು ಹಳೆಯ ಎರಡು ಕಂಪ್ಯೂಟರಿಗೆ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಲು ಸುಮಾರು 8 ಸಾವಿರ ಖರ್ಚಾಯಿತು, ಅಷ್ಟೆ.

ಹೆಚ್ಚು ಕಾಡಿದ್ದು ನುಡಿ ತಂತ್ರಾಂಶದ ಆಸ್ಕಿ ಸಂಕೇತದಲ್ಲಿದ್ದ, ಯುನಿಕೋಡಿಗೆ ಬದಲಿಸಬೇಕಾಗಿದ್ದ ಹಳೆಯ ಪಠ್ಯ. ಅದರಲ್ಲಿ ಅರ್ಕಾವೊತ್ತು ಕೊನೆಗೆ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತನೆಯ ಮೊದಲ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಅದನ್ನು ಒಂದೇ ಹೆಜ್ಜೆ ಹಿಂದಕ್ಕೆ ತಳ್ಳಿ ‘ಮರ್ತ್ಯ’ವನ್ನು ‘ಮತರ್ಯ’ ಮಾಡಿತು. ‘ರ್’ ಅನ್ನು ಒತ್ತು, ಸ್ವರಚಿಹ್ನೆ ಸಮೇತ ಇಡೀ ಅಕ್ಷರದ ಹಿಂದಕ್ಕೆ ದಾಟಿಸಬೇಕು. ನಡುನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಡುತ್ತವೆ, ಏಕೆಂದರೆ ಎರಡಕ್ಕೂ ಕೋಡ್ ಒಂದೇ, ಬೇರೆ ಇರುವುದು ಫಾಂಟ್ ಮಾತ್ರ. ಪರಿವರ್ತಿಸುವ ಮೊದಲೇ ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಫಾಂಟ್ ಹೆಸರು ಕೊಟ್ಟು ಹುಡುಕಿ, ಅವುಗಳ ಎರಡೂ ಬದಿಗೆ ಗುರುತು ಹಾಕಿಕೊಳ್ಳಿ. ‘ರ‍್ಯಾಲಿ’ಯಂಥ ಪದಗಳಿಗೆ ‘ರ’ ಆದಮೇಲೆ, ಹಲಂತಕ್ಕೆ ಮುಂಚೆ, ಜೆಡ್‌ಡಬ್ಲ್ಯೂಜೆ ಎಂಬ ಕಣ್ಣಿಗೆ ಕಾಣದ ಚಿಹ್ನೆ ಬೇಕು.

ದುಡ್ಡು ಹೋದದ್ದು ಕಪ್ಪು ಬಣ್ಣದಲ್ಲಿ. ಲಿಬ್ರೆಆಫೀಸಿನ ಓಡಿಟಿ ಫೈಲನ್ನು ಸ್ಟೈಲ್ ಸಮೇತ ಸ್ಕ್ರೈಬಸ್‌ಗೆ ತಂದಾಗ ಅಕ್ಷರಕ್ಕೆ ಆರ್‌ಜಿಬಿ ಕಪ್ಪು (ಪರದೆಗಾಗಿ ಇರುವ ಕಪ್ಪು) ಅಂಟಿಕೊಂಡು ಬಂತು. ಅದು ನಾಲ್ಕು ಬಣ್ಣಕ್ಕೆ ಒಡೆದು, ಕಪ್ಪು ಪ್ಲೇಟಿನಲ್ಲಿ ಅಕ್ಷರವೆಲ್ಲ ಬೂದಿ. ಎರಡು ಫಾರಂ, ನಾಲ್ಕು ಪ್ಲೇಟು, ಕಾಗದ ಸೇರಿ 4 ಸಾವಿರ ನಷ್ಟ. ಕಲರ್ಸ್ ಪಟ್ಟಿಯಲ್ಲಿ ಆ ಬಣ್ಣ ಅಳಿಸಿ, ಬದಲಿಗೆ ಬರೀ ಬ್ಲ್ಯಾಕ್ ಕೊಟ್ಟರೆ ಸರಿಹೋಗುತ್ತದೆ. ಪ್ರೆಸ್ಸಿನ ಯಂತ್ರ ಹಳೆಯದಾದರೆ ಪಿಡಿಎಫ್‌ನಲ್ಲಿ ಫಾಂಟನ್ನು ಔಟ್‌ಲೈನ್ ಮಾಡಿ, ಅಂದರೆ ಅಕ್ಷರವನ್ನು ಬರೀ ಆಕಾರವಾಗಿಸಿ. ಫೈಲು ದಪ್ಪಗಾಗುತ್ತದೆ, ಆದರೆ ಒತ್ತು ಕದಲುವುದಿಲ್ಲ. ಅಧ್ಯಾಯಕ್ಕೊಂದು ಫೈಲು ಇರಲಿ, ಉದ್ದದ ಪಠ್ಯಕ್ಕೆ ಸ್ಕ್ರೈಬಸ್ ಏದುಸಿರು ಬಿಡುತ್ತದೆ.

ಫಾಂಟ್ ನೋಟೋ ಸೆರಿಫ್ ಕನ್ನಡ, ಅಕ್ಷರ 11 ಪಾಯಿಂಟ್, ಸಾಲಿನ ಅಂತರ 16. ಕೊಟ್ಟದ್ದು ಗೂಗಲ್ಲೇ, ಆದರೆ ಲೈಸೆನ್ಸ್ ಓಎಫ್‌ಎಲ್ ಎಂಬ ಮುಕ್ತ ಪರವಾನಗಿ, ಹಾಗಾಗಿ ತಿದ್ದುವ ಹಕ್ಕು ನಮ್ಮದು. ಕೆಲವು ಒತ್ತುಗಳ ಬಲಬದಿಯ ಜಾಗ ನಮ್ಮ ಕಣ್ಣಿಗೆ ಹೆಚ್ಚೆನಿಸಿತು. ಫಾಂಟ್‌ಫೋರ್ಜ್ ಎಂಬ ಫಾಂಟ್ ತಂತ್ರಾಂಶದಲ್ಲಿ ತಿದ್ದಿ ಉಳಿಸಿದರೆ ಜೋಡಣೆಯ ನಿಯಮಗಳು ಕೆಟ್ಟವು. ಫಾಂಟನ್ನು ಪಠ್ಯವಾಗಿ ಬಿಚ್ಚಿಡುವ ಟಿಟಿಎಕ್ಸ್‌ನಲ್ಲಿ ಅಗಲದ ಅಂಕಿ ಮಾತ್ರ ಬದಲಿಸಿ, ಫಾಂಟಿಗೆ ಬೇರೆ ಹೆಸರಿಟ್ಟಾಗ ಸರಿಯಾಯಿತು. ಮುಕ್ತ ತಂತ್ರಾಂಶ ಅಂದರೆ ನನಗೆ ಈ ತಿದ್ದುವ ಹಕ್ಕೇ. ಪುಕ್ಕಟೆ ಸಿಗುತ್ತದೆಂದು ಬ್ರೌಸರಿನಲ್ಲೇ ಪುಟ ಕಟ್ಟುವ ಗೆಳೆಯರು ಇದೊಂದನ್ನು ಯೋಚಿಸಬೇಕು.

ಜಸ್ಟಿಫೈ ಮಾಡಿದಾಗ ನಮ್ಮ ಉದ್ದುದ್ದ ಪದಗಳಿಂದ ಸಾಲಿನಲ್ಲಿ ಬೀಳುವ ಕಿಂಡಿಗೆ ಪದದ ನಡುವೆ ಸಾಲು ಮುರಿಯಲು ಬಿಡುವ ಅಗಲವಿಲ್ಲದ ಸ್ಪೇಸ್ ಮದ್ದು. ಎಲ್ಲೆಲ್ಲಿ ಹಾಕಬೇಕೆಂಬ ನಿಯಮ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಹಳೆಯ ಪೇಜ್‌ಮೇಕರ್ ಫೈಲುಗಳನ್ನೂ ಸ್ಕ್ರೈಬಸ್‌ನಲ್ಲೇ ತೆರೆದು ನೋಡಿದೆ. ಪುಟವಿನ್ಯಾಸ ಕದಡಿತು, ಪಠ್ಯ ಮಾತ್ರ ಬಹುಪಾಲು ಕೈಗೆ ಸಿಕ್ಕಿತು.