ಮಲೆನಾಡಿನ ಮನೆಗೆ ಎಸ್‌ಪಿಡಿ: ಕೆಎ ಬಿಟ್ಟು ವೈರ್ ಅಳೆಯಿರಿ

ಏಪ್ರಿಲ್, ಮೇ ಬಂತೆಂದರೆ ತೀರ್ಥಹಳ್ಳಿ, ಕೊಪ್ಪದ ಕಡೆ ವೈರಿಂಗ್‌ನವರಿಗೆ ಒಂದೇ ಕೆಲಸ: ಸಿಡಿಲಿಗೆ ಹೋದ ಇನ್ವರ್ಟರ್, ರೂಟರ್, ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬಿ) ಬಿಚ್ಚುವುದು. ಕಳೆದ ಕೆಲವು ಬೇಸಿಗೆಗಳಲ್ಲಿ ನಾನು ಎಸ್‌ಪಿಡಿ ಹಾಕಿದ ಮನೆಗಳಲ್ಲಿ ಇನ್ವರ್ಟರ್ ಬೋರ್ಡ್ ಸುಟ್ಟಿಲ್ಲ. ಎಸ್‌ಪಿಡಿ ಎಂದರೆ ಸಿಡಿಲಿನಿಂದ ಲೈನಿಗೆ ಬರುವ ಸರ್ಜನ್ನು, ಅಂದರೆ ಕ್ಷಣಕಾಲದ ಹೈ ವೋಲ್ಟೇಜ್ ಹೊಡೆತವನ್ನು, ಅರ್ಥ್‌ಗೆ ಇಳಿಸುವ ಡಬ್ಬಿ. ‘ಸಿಡಿಲು ಹಿಡಿಯೋ ಡಬ್ಬಿ ಎಲ್ಲಾದ್ರೂ ಇದ್ಯಾ’ ಅಂದವರೇ ಈಗ ಫೋನ್ ಮಾಡುತ್ತಾರೆ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಕೆಎ ಎಷ್ಟು ಅಂತ, ಅಂದರೆ ಎಷ್ಟು ಸಾವಿರ ಆಂಪಿಯರ್ ಸರ್ಜ್ ತಾಳುತ್ತದೆ ಅಂತ. ಒಂದು ತೋಟದ ಮನೆಯಲ್ಲಿ ಆರೇಳು ಸಾವಿರದ 65 ಕೆಎ ಮಾಲು ಹಾಕಿಸಿದ್ದರು. ಆದರೂ ಟಿವಿ, ರೂಟರ್ ಎರಡೂ ಹೋದವು. ಡಿಬಿ (ಎಂಸಿಬಿಗಳಿರುವ ಡಬ್ಬಿ) ತೆಗೆದು ನೋಡಿದರೆ ಅರ್ಥ್ ವೈರ್ ಬೋರ್ಡಿಗೆ ಒಂದು ಸುತ್ತು ಹೊಡೆದು ಸುಮಾರು ಎರಡು ಮೀಟರ್ ಆಗಿತ್ತು. ಸರ್ಜ್ ಮೈಕ್ರೋಸೆಕೆಂಡಿಗೆ ಸಾವಿರ ಆಂಪಿಯರ್ ಏರಿದರೆ ಒಂದು ಮೀಟರ್ ವೈರ್‌ನಲ್ಲೇ ಸಾವಿರ ವೋಲ್ಟ್ ಆಸುಪಾಸು ನಿಲ್ಲುತ್ತದೆ. ಎಸ್‌ಪಿಡಿ ತಡೆದ ಮೇಲೂ ಉಳಿಯುವ 1.5 ಕೆವಿ (1,500 ವೋಲ್ಟ್), ವೈರ್‌ನ 2 ಕೆವಿ, ಒಟ್ಟು 3.5. ಮನೆಯ ಮಾಮೂಲಿ ಸಾಮಾನು ತಾಳುವ ಲೆಕ್ಕ 2.5 ಕೆವಿ. ಹೇಗೆ ಉಳಿಯಬೇಕು?

ನಾನು ಆ ಮನೆಗೆ 40 ಕೆಎಯ ಟೈಪ್ 2 (ಲೈನ್‌ನಲ್ಲಿ ಬರುವ ಸರ್ಜ್‌ಗೆ) ಹಾಕಿದೆ, ಬೆಲೆ ಅರ್ಧದಷ್ಟು. ಮೇನ್‌ನಿಂದ ಬಂದ ವೈರನ್ನು ಎಸ್‌ಪಿಡಿಯ ಟರ್ಮಿನಲ್‌ಗೇ ತಂದು, ಅಲ್ಲಿಂದಲೇ ಮುಂದಕ್ಕೆ ಒಯ್ದೆ. ಅರ್ಥ್ ಬಾರ್ ಪಕ್ಕದಲ್ಲೇ. ಎಲ್ಲ ಸೇರಿ ಅರ್ಧ ಮೀಟರ್ ದಾಟಬಾರದು. ಮಾಳಿಗೆ ಮೇಲೆ ಸಿಡಿಲಿನ ಕಂಬಿ ಇರುವ ಮನೆಗೆ ಮಾತ್ರ ಇದು ಸಾಲದು, ಅಲ್ಲಿ ನೇರ ಸಿಡಿಲಿನ ಕರೆಂಟ್ ತಾಳುವ ಟೈಪ್ 1 ಬೇಕೇ ಬೇಕು.

ಎರಡನೆಯ ಮಾತು 1+1, ಅಂದರೆ ಒಂದು ಎಂಒವಿ, ಒಂದು ಗ್ಯಾಸ್ ಟ್ಯೂಬ್ ಇರುವ ಎಸ್‌ಪಿಡಿ. ಎಂಒವಿ ಎಂದರೆ ವೋಲ್ಟೇಜ್ ಮಿತಿ ಮೀರಿದಾಗ ಮಾತ್ರ ಕರೆಂಟ್ ಬಿಡುವ ಬಿಲ್ಲೆ. ನಮ್ಮ ಹಳ್ಳಿ ಮನೆಗಳಿಗೆ ಅರ್ಥ್ ಅವರವರ ಗುಂಡಿಯದ್ದೇ. ಫೇಸ್‌ಗೂ ಅರ್ಥ್‌ಗೂ ನೇರ ಎಂಒವಿ ಹಾಕಿ ಅದು ಶಾರ್ಟ್ ಆದರೆ, ಜಂಬಿಟ್ಟಿಗೆ ನೆಲದ ಅರ್ಥ್‌ನಲ್ಲಿ ಎಂಸಿಬಿ ಬೀಳುವಷ್ಟು ಕರೆಂಟ್ ಹರಿಯುವುದಿಲ್ಲ. ಮನೆಯ ಕಬ್ಬಿಣವೆಲ್ಲ ಲೈವ್. ಫೇಸ್-ನ್ಯೂಟ್ರಲ್ ನಡುವೆ ಎಂಒವಿ, ನ್ಯೂಟ್ರಲ್-ಅರ್ಥ್ ನಡುವೆ ಗ್ಯಾಸ್ ಟ್ಯೂಬ್ ಇದ್ದರೆ ಎಂಒವಿ ಹೋದಾಗ ಎಂಸಿಬಿ ಬೀಳುತ್ತದೆ, ಅಷ್ಟೇ. ಇದನ್ನು ಆರ್‌ಸಿಸಿಬಿಗಿಂತ (ಕರೆಂಟ್ ಲೀಕ್ ಆದರೆ ಬೀಳುವ ಸ್ವಿಚ್) ಮುಂಚೆ ಹಾಕಬೇಕು, ಇಲ್ಲದಿದ್ದರೆ ಪ್ರತಿ ಗುಡುಗಿಗೂ ಆರ್‌ಸಿಸಿಬಿ ಬೀಳುತ್ತದೆ.

ಯುಸಿ, ಅಂದರೆ ಎಸ್‌ಪಿಡಿ ಸದಾ ತಾಳುವ ವೋಲ್ಟೇಜ್, 275ರ ಬದಲು 320 ತಗೊಳ್ಳಿ. ರಾತ್ರಿ ಲೋಡ್ ಇಳಿದಾಗ ನಮ್ಮ ಲೈನ್ 260 ದಾಟುತ್ತದೆ. 275ರ ಕಾರ್ಟ್ರಿಜ್ ಎರಡೇ ವರ್ಷಕ್ಕೆ ಕೆಂಪು (ಸತ್ತ ಗುರುತು) ತೋರಿಸಿದ್ದನ್ನು ನೋಡಿದ್ದೇನೆ. ಕಂಬದಲ್ಲಿ ನ್ಯೂಟ್ರಲ್ ಕಿತ್ತು 400 ಬಂದರೆ ಯಾವ ಎಸ್‌ಪಿಡಿಯೂ ತಡೆಯಲ್ಲ. ಅದಕ್ಕೆ ಬೇರೆ ಓವರ್ ವೋಲ್ಟೇಜ್ ರಿಲೇ ಬೇಕು.

ಅರ್ಥ್ ಎಲ್ಲವೂ ಒಂದೇ ಆಗಬೇಕು. ಸೋಲಾರ್‌ನವರು ಬಂದು ತಮ್ಮದೇ ಗುಂಡಿ ತೋಡಿ, ಮನೆಯದಕ್ಕೆ ಸೇರಿಸದೆ ಹೋಗುತ್ತಾರೆ. ಸಿಡಿಲು ಹತ್ತಿರ ಬಿದ್ದರೆ ಎರಡು ಗುಂಡಿಗಳ ನಡುವಿನ ವೋಲ್ಟೇಜ್ ಇನ್ವರ್ಟರ್ ಒಳಗೇ ದಾಟುತ್ತದೆ. ಎರಡನ್ನೂ ದಪ್ಪ ತಾಮ್ರದಲ್ಲಿ ಸೇರಿಸಿದ ಮೇಲೇ ನನಗೆ ನೆಮ್ಮದಿ. ಕಲ್ಲು ನೆಲದ ಗುಂಡಿಗೆ ನಾನು ಏನು ತುಂಬುತ್ತೇನೆ, ಎಷ್ಟು ತುಂಬುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲೇ ನನ್ನ ಹೊಟ್ಟೆಪಾಡು.

ನಡುವೆ ಒಂದಷ್ಟು ಪ್ರಯೋಗ ಮಾಡಿದೆ. ಇನ್ನೂರು ಮುನ್ನೂರು ರೂಪಾಯಿಯ ಸ್ಪೈಕ್ ಬಸ್ಟರ್‌ಗಳನ್ನು ಒಡೆದು ನೋಡಿದೆ. ಕೆಲವದರಲ್ಲಿ ಕಡಲೆಯಷ್ಟು ಎಂಒವಿ ಒಂದೇ, ಕೆಲವದರಲ್ಲಿ ಅದೂ ಇಲ್ಲ. ಕ್ಯಾಮೆರಾದ ಲ್ಯಾನ್ ವೈರ್‌ನಿಂದ ಬರುವ ಸರ್ಜ್‌ಗೆ ಮಾತ್ರ ಒಳ್ಳೆ ದಾರಿ ಸಿಕ್ಕಿತು: ನಡುವೆ ಎರಡು ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲನ್ನು ಬೆಳಕಾಗಿಸುವ ಡಬ್ಬಿ) ಇಟ್ಟು ಒಂದು ತುಂಡು ಫೈಬರ್ ಹಾಕುವುದು. ಖರ್ಚು ಎರಡು ಸಾವಿರದ ಒಳಗೆ. ತೋಟದ ತುದಿಯ ಕ್ಯಾಮೆರಾ ಹೋದರೂ ಡಿವಿಆರ್ ಉಳಿಯಿತು.

ಮೋಟಾರ್ ಶೆಡ್ ಮನೆಯಿಂದ ದೂರ ಇದ್ದರೆ ಅದಕ್ಕೆ ಬೇರೆಯೇ ಹಾಕಿ, ಮೂರು ಫೇಸ್‌ಗೆ 3+1. ಹತ್ತು ಮೀಟರ್ ದಾಟಿದರೆ ಮನೆಯ ಎಸ್‌ಪಿಡಿಯನ್ನು ನಂಬಬೇಡಿ. ಮನೆಗೆ ನನ್ನ ಕೂಲಿ ಸೇರಿ ಆರೇಳು ಸಾವಿರ ಆಗುತ್ತದೆ, ಶೆಡ್‌ಗೆ ಇನ್ನೊಂದು ಎಂಟು. ಒಂದು ಸೋಲಾರ್ ಇನ್ವರ್ಟರ್ ಬೋರ್ಡ್ ರಿಪೇರಿಗೆ ಹದಿನೈದು ಸಾವಿರ ಕೇಳುತ್ತಾರೆ, ಅದೂ ಸಿಕ್ಕಿದರೆ.