ಸೆರಗು ಹಾರಲೇ ಇಲ್ಲ

ಬಾಗಲಕೋಟೆಯ ಒಂದು ಸೀರೆ ಅಂಗಡಿಗೆ ಇಳಕಲ್ ಸೀರೆಯ ಆಡ್ ಮಾಡಬೇಕಿತ್ತು. 40 ಸೆಕೆಂಡ್, ಎರಡು ದಿನದ ಶೂಟ್, ನಾವು ನಾಲ್ಕೇ ಜನ. ಮಾಲೀಕರು ಹೇಳಿದ್ದು ಇಷ್ಟೇ: "ಬಾದಾಮಿ ಗುಡ್ಡ ಕಾಣಬೇಕ್ರಿ, ಸೆರಗು ಹಾರಬೇಕು. ಸ್ಲೋ ಮೋಷನ್‌ದಾಗ."

ಗುಹೆಗಳ ಹತ್ತಿರ ಶೂಟ್ ಮಾಡೋಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅಷ್ಟು ಟೈಮ್ ಇರಲಿಲ್ಲ. ಊರಾಚೆಯ ಬಂಡೆಗಳ ಹತ್ತಿರ ಬೆಳಗ್ಗೆ ಆರಕ್ಕೇ ಕ್ಯಾಮೆರಾ ಇಟ್ಟೆ. ಬೆಳಕು ಚೆನ್ನಾಗಿತ್ತು. ಆದರೆ ಸೀರೆ ಕಾಣಿಸಲಿಲ್ಲ! ದಾಳಿಂಬೆ ಕೆಂಪು ಸೀರೆ, ಹಿಂದೆ ಕೆಂಪು ಮರಳುಗಲ್ಲು. ಅನುಮಾನ ಬಂದು ಮಾನಿಟರನ್ನು ಕಪ್ಪು-ಬಿಳುಪಿಗೆ ಹಾಕಿ ನೋಡಿದೆ. ಸೀರೆ, ಬಂಡೆ ಎರಡೂ ಒಂದೇ ಬೂದು. ಲೊಕೇಶನ್ ನೋಡೋಕೆ ಹೋದ ದಿನವೇ ಸೀರೆ ಒಯ್ದು ಬಂಡೆ ಮೇಲೆ ಹಾಕಿ ನೋಡಬೇಕಿತ್ತು. ನಾನು ಬರೀ ಫೋನಲ್ಲಿ ಗುಡ್ಡದ ಫೋಟೋ ಹೊಡ್ಕೊಂಡು ಬಂದಿದ್ದೆ.

ಇನ್ನು ಸೆರಗು. ಜನರೇಟರ್‌ಗೆ ದೊಡ್ಡ ಫ್ಯಾನ್ ಹಚ್ಚಿದೆವು. ಶಿಫಾನ್ ಆದರೆ ಗಾಳಿಗೆ ತೇಲುತ್ತೆ. ಇಳಕಲ್ ಸೆರಗು ರೇಷ್ಮೆಯದು, ತೂಕ ಇದೆ. ಒದ್ದೆ ಟವೆಲ್ ಥರ ಪಟಪಟ ಹೊಡ್ಕೊಳ್ತಾ ಇತ್ತು. ಮಾಡೆಲ್ ಹುಡುಗಿಗೆ ನಗು ತಡೆಯಲಾಗಲಿಲ್ಲ. ಅವಳ ಜೊತೆ ಬಂದಿದ್ದ ದೊಡ್ಡವ್ವ ಅಲ್ಲೇ ನೆರಳಲ್ಲಿ ಕೂತಿದ್ದರು. ಸುಮ್ನೆ ನೋಡಿ ನೋಡಿ ಕೊನೆಗೆ ಅಂದರು: "ತಮ್ಮಾ, ಈ ಸೆರಗು ಹಾರಾಂಗಿಲ್ಲೋ. ಇದು ತಲಿ ಮ್ಯಾಲೆ ಹೊದಿಯೂದು."

ಅಲ್ಲಿಗೆ ನನ್ನ ಸ್ಟೋರಿಬೋರ್ಡ್ ಮುಗೀತು. ಆ ರಾತ್ರಿ ಲಾಡ್ಜಲ್ಲಿ ಕೂತು ಹೊಸದು ಬರೆದೆ. ಸೆರಗಿನಿಂದ ನಮ್ಮ ಕಡೆ ಹೆಂಗಸರು ಏನೇನು ಮಾಡ್ತಾರೆ? ತಲೆ ಮೇಲೆ ಹೊದ್ಕೊಳ್ತಾರೆ. ಕೆಲಸಕ್ಕೆ ಇಳಿಯುವಾಗ ಸೊಂಟಕ್ಕೆ ಸಿಕ್ಕಿಸ್ತಾರೆ. ಉಡಿ ತುಂಬುವಾಗ ಮುಂದೆ ಒಡ್ಡುತ್ತಾರೆ. ಈ ಮೂರೇ ಸಾಕು, ಡೈಲಾಗ್ ಬೇಡ ಅನ್ನಿಸ್ತು. ಮಾಲೀಕರಿಗೆ ಫೋನ್ ಮಾಡಿ ಒಪ್ಪಿಸೋಕೆ ಒಂದು ತಾಸು ಹಿಡೀತು, ಆ ಕಥೆ ಬೇಡ ಬಿಡಿ.

ಮರುದಿನ ಇಳಕಲ್. ನೇಕಾರರ ಮನೆಯಲ್ಲಿ ಕುಣಿಮಗ್ಗ, ಒಂದು ಟ್ಯೂಬ್‌ಲೈಟ್, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಲಾಳಿ ಓಡೋದನ್ನು ಸೆಕೆಂಡಿಗೆ 100 ಫ್ರೇಮಿನಲ್ಲಿ, 1/200 ಶಟರ್‌ನಲ್ಲಿ (ಅಂದರೆ ಒಂದೊಂದು ಫ್ರೇಮಿಗೆ ಸೆಕೆಂಡಿನ 1/200 ಭಾಗ ಮಾತ್ರ ಬೆಳಕು) ತೆಗೆದೆ. ಆಡಿಸಿ ನೋಡಿದರೆ ಇಡೀ ಚಿತ್ರದ ಬೆಳಕು ಏರಿಳೀತಾ ಇದೆ. ನಮ್ಮ ಕರೆಂಟು 50 ಹರ್ಟ್ಜ್, ಹಳೆ ಚೋಕ್ ಟ್ಯೂಬು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. 1/200ಕ್ಕೆ ಅದರ ಒಂದು ಏರಿಳಿತದ ಅರ್ಧವಷ್ಟೇ ಸಿಗುತ್ತೆ, ಕರೆಂಟು 50ರಿಂದ ಚೂರು ಆಚೀಚೆ ಆದರೂ ತಾಳ ತಪ್ಪುತ್ತೆ. 25 ಫ್ರೇಮ್, 1/50 ಶಟರ್ ಇದ್ದರೆ ಎರಡು ಏರಿಳಿತ ಪೂರ್ತಿ ಸಿಗುತ್ತೆ, ಅದು ಗೊತ್ತಾಗಲ್ಲ. ಟ್ಯೂಬ್ ಆರಿಸಿದೆವು. ಬೆಳಕಿಂಡಿಯ ಬಿಸಿಲು, ಅದನ್ನು ತಿರುಗಿಸಿ ಬಿಡೋಕೆ ಎದುರಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ, ಅಷ್ಟೇ.

ಈ ಥರ್ಮಾಕೋಲೇ ಆಡಿನ ಮುಖ್ಯ ಶಾಟ್ ಕೊಟ್ಟಿದ್ದು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಎಳೆದ ಎಳೆಗಳು) ಹತ್ತಿಯದಿದ್ದರೆ, ಸೆರಗಿನ ರೇಷ್ಮೆ ಹಾಸನ್ನು ಅದಕ್ಕೆ ಕೊಂಡಿ ಹಾಕಿ ಜೋಡಿಸ್ತಾರೆ. ಒಂದೊಂದು ಎಳೆಗೂ ಕೊಂಡಿ. ಒಂದೊಂದು ಸೀರೆಗೂ ಹಾಸು ಬೇರೆಯೇ. ಆ ಜೋಡಣೆ ಕಣ್ಣಿಗೆ ಸುಲಭಕ್ಕೆ ಕಾಣಲ್ಲ. ಕ್ಯಾಮೆರಾಗಂತೂ ಇನ್ನೂ ಇಲ್ಲ. ಎದುರಿನಿಂದ ಬೆಳಕು ಬಿದ್ದರೆ ಬಟ್ಟೆ ಗೋಡೆಗೆ ಅಂಟಿಸಿದ ಪೇಪರ್ ಥರ ಚಪ್ಪಟೆ. ಮ್ಯಾಕ್ರೋ ಲೆನ್ಸ್ ಹಾಕಿ, ಹುಡುಗನಿಗೆ ಥರ್ಮಾಕೋಲನ್ನು ಪಕ್ಕದಿಂದ ನಿಧಾನ ತಿರುಗಿಸೋಕೆ ಹೇಳಿದೆ. ಬೆಳಕು ಹತ್ತಿಯ ಮೇಲೆ ಹರೀತು, ಅದು ಮಂಕಾಗೇ ಇತ್ತು. ಕೊಂಡಿ ದಾಟಿತು ನೋಡಿ, ರೇಷ್ಮೆ ಫಳಕ್ಕಂತ ಹೊಳೀತು. ಹಿಂದೆ ನಿಂತಿದ್ದ ನೇಕಾರ ಕಾಕಾ "ಹಾಂ, ಅಲ್ಲೇ ಐತಿ ನೋಡ್ರಿ" ಅಂದರು. ಒಂಬತ್ತು ಟೇಕ್ ಆಯ್ತು. ಮೂರನೆಯದನ್ನು ಇಟ್ಟುಕೊಂಡೆ, ಅವರ ದನಿ ಸಮೇತ.

ಕೆಂಪಿನ ವಿಷಯ ಒಂದು ಮಾತು. ಕ್ಯಾಮೆರಾ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ಚಾನೆಲ್ಲಾಗಿ ಅಳೆಯುತ್ತೆ. ಒಟ್ಟು ಬೆಳಕಿನ ಮಟ್ಟ ಸರಿ ಅಂತ ಮೀಟರ್ ಹೇಳಿದರೂ ಕೆಂಪು ಚಾನೆಲ್ ಒಂದೇ ಮೊದಲು ತುಂಬಿಬಿಡುತ್ತೆ. ಆಮೇಲೆ ಎಳೆಗಳೆಲ್ಲ ಮಾಯ, ಬರೀ ಕೆಂಪು ಬಣ್ಣ ಬಳಿದ ಹಾಗೆ. ಮೂರು ಬಣ್ಣದ ಗ್ರಾಫ್ ಬೇರೆಬೇರೆ ನೋಡಿ, ಒಂದು ಸ್ಟಾಪ್ ಕಮ್ಮಿ, ಅಂದರೆ ಬೆಳಕು ಅರ್ಧಕ್ಕೆ, ಇಟ್ಟೆ.

ಉಡಿ ತುಂಬುವ ಶಾಟ್ ಸಂಜೆ ಹೊಲದಲ್ಲಿ. ಹಿಂದೆ ಎರೆಮಣ್ಣು, ಕಪ್ಪು. ಸೀರೆಯ ಕೆಂಪು ಎದ್ದು ಬಂತು. ಹುಡುಗಿಗೆ ಸೆರಗು ಹಿಡಿಯೋದನ್ನು ನಾನು ಹೇಳಿಕೊಡಲಿಲ್ಲ, ಅವಳ ದೊಡ್ಡವ್ವನೇ ಎದುರಿಗೆ ನಿಂತು ತುಂಬಿದರು. ಅಕ್ಕಿ ಬಿತ್ತು, ಸೆರಗು ಸ್ವಲ್ಪ ಜಗ್ಗಿತು. ಸ್ಲೋ ಮೋಷನ್ ಕೇಳಿದ್ದರಲ್ವಾ, ಅದನ್ನು ಇಲ್ಲಿ ಕೊಟ್ಟೆ.

ಎಡಿಟ್‌ನಲ್ಲಿ ಹಾಡು ತೆಗೆದು ಮಗ್ಗದ ಸದ್ದಿನ ಮೇಲೇ ಕಟ್ ಮಾಡಿದೆ. ಅಂಗಡಿಯ ದೊಡ್ಡ ಟಿವಿಯಲ್ಲಿ ಹಾಕಿ ನೋಡಿದಾಗ ಒಂದು ತಪ್ಪು ಕಂಡಿತು. ಒಡಲಿನ ಸಣ್ಣ ಚೌಕಳಿ ಮೇಲೆ ನೀರಿನ ಅಲೆಯಂಥ ಗೆರೆಗಳು ಓಡಾಡ್ತಾ ಇದ್ದವು. ಶೂಟಲ್ಲೇ ಕ್ಯಾಮೆರಾ ಎರಡು ಹೆಜ್ಜೆ ಹಿಂದೆ ಮುಂದೆ ಮಾಡಿದ್ದರೆ ಹೋಗ್ತಿತ್ತು. ನನ್ನ ಚಿಕ್ಕ ಮಾನಿಟರಲ್ಲಿ ಕಂಡಿರಲಿಲ್ಲ. ಎರಡು ಶಾಟ್ ತೆಗೆದುಹಾಕಿದೆ. ಆಡ್ 34 ಸೆಕೆಂಡಿಗೆ ನಿಂತಿತು. ಉಳಿದ ಆರು ಸೆಕೆಂಡ್ ಎಲ್ಲಿ ಅಂತ ಮಾಲೀಕರು ಈಗಲೂ ಸಿಕ್ಕಾಗೆಲ್ಲ ಕೇಳ್ತಾರೆ.