ಚಿಕ್ಕಿ, ಕಾಗೆ ಬಂತು!

ನನ್ನ ಮದುವೆಯಾದಾಗ ನಮ್ಮ ಹುಡುಗನಿಗೆ ಎಂಟು ವರ್ಷ. ಅವನ ಹೆತ್ತ ತಾಯಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಅವನು ನನ್ನನ್ನು ಚಿಕ್ಕಿ ಅನ್ನುತ್ತಾನೆ. ಹಾಗೆ ಕರಿ ಅಂತ ಹೇಳಿಕೊಟ್ಟವರು ಅವನ ತಾಯಿಯ ಅಮ್ಮ, ಸಕಲೇಶಪುರದ ಕಡೆಯ ಅಜ್ಜಿ. ಆ ಒಂದು ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ.

ನಾವಿರುವುದು ಹಾಸನ ಪೇಟೆಯಲ್ಲಿ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್. ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಾಕುತ್ತೇನೆ. ಈ ಕೆಲಸ ಮಾಡುವವರಿಗೆ ಏಪ್ರಿಲ್, ಮೇ ಅಂದರೆ ಏನು ಅಂತ ಗೊತ್ತು. ಮದುವೆಗಳ ಕಾಲ. ಒಂದೊಂದು ಮನೆಯಿಂದ ಹತ್ತು ಹನ್ನೆರಡು ಬ್ಲೌಸ್ ಬರುತ್ತವೆ, ಎಲ್ಲವೂ ಅರ್ಜೆಂಟ್. ಮಕ್ಕಳಿಗೆ ರಜೆ ಬರುವುದೂ ಆಗಲೇ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಹತ್ತಿರ ಹತ್ತಿರ ಏಳು ವಾರ. ಅವರ ಅಪ್ಪ ಬೆಳಗ್ಗೆ ಎಂಟೂವರೆಗೆ ಹೊರಟರೆ ಬರುವುದು ಸಂಜೆ ಆರೂವರೆಗೆ. ಮಧ್ಯದಲ್ಲಿ ಮನೆಯಲ್ಲಿ ನಾನು, ನಮ್ಮ ಮಾವ, ಮತ್ತೆ ಇನ್ನೂ ಸರಿಯಾಗಿ ಪರಿಚಯವೇ ಆಗದ ಒಂದು ಮಗು.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಅವನಿಗೆ ಒಂದು ನಿಮಿಷವೂ ಬೇಜಾರಾಗಬಾರದು ಅಂತ ಹಟ ಹಿಡಿದಿದ್ದೆ. ಬಣ್ಣದ ಪೆಟ್ಟಿಗೆ ತಂದೆ, ಕೇರಂ ಬೋರ್ಡ್ ತಂದೆ, ದಿನಕ್ಕೊಂದು ತಿಂಡಿ ಮಾಡಿದೆ. ಮೆಷಿನ್ ಬಿಟ್ಟು ಎದ್ದು ಹೋಗಿ "ಏನು ಆಡೋಣ ಪುಟ್ಟಾ?" ಅಂತ ಕೇಳುತ್ತಿದ್ದೆ. ಅವನು "ಏನೂ ಬೇಡ" ಅನ್ನುತ್ತಿದ್ದ. ಒಬ್ಬರು ತನ್ನನ್ನೇ ನೋಡುತ್ತಾ ಎದುರಿಗೆ ಕೂತರೆ ಆ ವಯಸ್ಸಿನ ಮಗುವಿಗೆ ಎಷ್ಟು ಭಾರವಾಗುತ್ತದೆ ಅಂತ ನನಗೆ ಆಗ ಹೊಳೆಯಲಿಲ್ಲ. ರಾತ್ರಿ ಹನ್ನೆರಡರವರೆಗೆ ಬ್ಲೌಸ್ ಹೊಲಿದು, ಬೆಳಗ್ಗೆ ಮತ್ತೆ ನಗುಮುಖ ಮಾಡಿಕೊಂಡು ಹೋಗುವುದು. ಇಬ್ಬರಿಗೂ ಸುಸ್ತು.

ಆಮೇಲೆ ಬೇಸಿಗೆ ಶಿಬಿರಕ್ಕೆ ಸೇರಿಸಿದೆವು. ಮೇ ತಿಂಗಳ ಎರಡನೇ ಭಾನುವಾರ ಅಮ್ಮಂದಿರ ದಿನ ಬರುತ್ತದಲ್ವಾ, ಅದಕ್ಕೆ ಮಕ್ಕಳ ಕೈಯಲ್ಲಿ ಗ್ರೀಟಿಂಗ್ ಕಾರ್ಡ್ ಮಾಡಿಸಿದರು. ಉಳಿದ ಮಕ್ಕಳು ಕಾರ್ಡ್ ಹಿಡಿದುಕೊಂಡು ಓಡಿ ಬಂದರು. ನಮ್ಮವನು ಬ್ಯಾಗಿನಲ್ಲಿ ಇಟ್ಟುಕೊಂಡು ಬಂದ. ರಾತ್ರಿ ಟಿಫಿನ್ ಡಬ್ಬಿ ತೆಗೆಯಲು ಹೋದಾಗ ಕಂಡಿತು. ಹೊರಗೆ ಹೂವು, ಚಿಟ್ಟೆ ಬಿಡಿಸಿದ್ದ. ಒಳಗೆ ಒಂದು ಅಕ್ಷರವೂ ಇರಲಿಲ್ಲ. ನಾನು ಅದನ್ನು ಹಾಗೇ ಮಡಿಚಿ ಅಲ್ಲೇ ಇಟ್ಟೆ, ಕೇಳಲಿಲ್ಲ. ಶಿಬಿರದವರಿಗೆ ಮನೆಯ ವಿಷಯ ಮೊದಲೇ ಹೇಳಬೇಕಾಗಿತ್ತು, ನಾನು ಹೇಳಿರಲಿಲ್ಲ. ನನ್ನಂಥವರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಸೇರಿಸುವ ದಿನವೇ ಆ ಟೀಚರನ್ನು ಪಕ್ಕಕ್ಕೆ ಕರೆದು ಎರಡು ಮಾತು ಹೇಳಿಬಿಡಿ.

ಎರಡು ದಿನ ಬಿಟ್ಟು ಅವನು ಅಜ್ಜಿ ಮನೆಗೆ ಹೋದ. ಆ ಕಾರ್ಡನ್ನು ಅಜ್ಜಿಗೆ ಕೊಟ್ಟನಂತೆ. ಅಜ್ಜಿಯೇ ಫೋನ್ ಮಾಡಿ ಹೇಳಿದರು.

ದಾರಿ ಸಿಕ್ಕಿದ್ದು ಎರಡನೇ ವರ್ಷ, ಅದೂ ಒಂದು ದಾರದ ರೀಲಿನಿಂದ. ಒಂದು ಮಧ್ಯಾಹ್ನ ನವಿಲು ಬಣ್ಣದ ಬ್ಲೌಸಿಗೆ ದಾರ ಮುಗಿಯಿತು. ಗಿರಾಕಿ ಸಂಜೆಗೇ ಬರುವವರಿದ್ದರು. ನಾನು ಮೆಷಿನ್ ಬಿಟ್ಟು ಏಳುವ ಹಾಗಿರಲಿಲ್ಲ. ಬಟ್ಟೆಯ ಒಂದು ಚೂರು ಕತ್ತರಿಸಿ ಅವನ ಕೈಗೆ ಕೊಟ್ಟು, "ಮೂಲೆಯ ಮ್ಯಾಚಿಂಗ್ ಸೆಂಟರ್‌ಗೆ ಹೋಗಿ ಇದಕ್ಕೆ ಹೊಂದುವ ದಾರ ತಾ" ಅಂದೆ. ಅವನು ತಂದ ದಾರ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಸರಿ ಕಂಡಿತ್ತು, ಮನೆಯ ಬಾಗಿಲ ಹತ್ತಿರ ಹಿಡಿದರೆ ಹಸಿರಿಗೆ ಹೊಡೆಯುತ್ತಿತ್ತು. ಆಗ ಅವನಿಗೆ ತೋರಿಸಿದೆ. ಬಣ್ಣವನ್ನು ಹೊರಗಿನ ಬೆಳಕಿನಲ್ಲೇ ನೋಡಬೇಕು. ಪೂರ್ತಿ ರೀಲು ನೋಡಿ ನಂಬಬಾರದು, ಒಂದು ಎಳೆ ಬಿಚ್ಚಿ ಬಟ್ಟೆಯ ಮೇಲೆ ಇಟ್ಟು ನೋಡಬೇಕು. ಒಂಟಿ ಎಳೆ ರೀಲಿಗಿಂತ ತಿಳಿಯಾಗಿ ಕಾಣುತ್ತದೆ. ಅದಕ್ಕೇ ಸ್ವಲ್ಪ ಗಾಢ ಬಣ್ಣದ್ದನ್ನೇ ಆರಿಸುವುದು. ಅವನು ಮತ್ತೆ ಓಡಿದ. ಈ ಸಲ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಎಳೆ ಬಿಚ್ಚಿ ನೋಡಿಕೊಂಡು ತಂದನಂತೆ. ಸರಿಯಾಗಿತ್ತು. ಬ್ಲೌಸ್ ಮುಗಿಯುವವರೆಗೆ ಮೆಷಿನ್ ಪಕ್ಕದಿಂದ ಅವನು ಅಲುಗಲಿಲ್ಲ. ಇಬ್ಬರೂ ಸೂಜಿಯನ್ನೇ ನೋಡುತ್ತಿದ್ದೆವು. ಮುಖ ಮುಖ ನೋಡುವ ಕಷ್ಟ ಇಲ್ಲ. ಆವತ್ತು ಅವನು ತಾನಾಗಿ ಶಾಲೆಯ ಕತೆ ಹೇಳಿದ, ಅರ್ಧ ಗಂಟೆ.

ಆ ವಾರದಿಂದ ದಾರದ ಡಬ್ಬಿ ಅವನದು. ರೀಲುಗಳನ್ನು ತಿಳಿಯಿಂದ ಗಾಢಕ್ಕೆ ಜೋಡಿಸಿಟ್ಟಿದ್ದಾನೆ. ಯಾವ ಬಣ್ಣ ಮುಗಿಯುತ್ತಾ ಬಂದಿದೆ ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತು. ದಿನಕ್ಕೆ ಎರಡು ಮೂರು ಸಲ ಅಂಗಡಿಗೆ ಓಟ. ಕಾಲಿಗೂ ಕೆಲಸ, ತಲೆಗೂ ಕೆಲಸ.

ಅದೇ ಏಪ್ರಿಲ್‌ನಲ್ಲಿ ಸಂಡಿಗೆ ಶುರು ಮಾಡಿದೆವು. ಮಕ್ಕಳ ಜೊತೆ ಮಾಡಲು ಸಬ್ಬಕ್ಕಿ ಸಂಡಿಗೆಯೇ ಸುಲಭ, ಒತ್ತುವುದು ಲಟ್ಟಿಸುವುದು ಇಲ್ಲ. ಒಂದು ಲೋಟ ಸಬ್ಬಕ್ಕಿ ರಾತ್ರಿ ನೆನೆಹಾಕಿ, ಬೆಳಗ್ಗೆ ನಾಲ್ಕೈದು ಲೋಟ ನೀರಿನಲ್ಲಿ ಕೈಬಿಡದೆ ಕದಡುತ್ತಾ ಬೇಯಿಸಬೇಕು. ಬಿಳಿ ಮಣಿಗಳು ಗಾಜಿನ ಹಾಗೆ ಆಗುತ್ತವೆ. ಅದನ್ನು ನೋಡಲು ಅವನು ಸ್ಟೂಲ್ ಎಳೆದುಕೊಂಡು ನಿಲ್ಲುತ್ತಾನೆ. ಒಲೆಯ ಹತ್ತಿರದ ಕೆಲಸ ನನ್ನದು, ಅದರಲ್ಲಿ ರಾಜಿ ಇಲ್ಲ. ರುಬ್ಬಿದ ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು. ಉಪ್ಪು ನಾಲಿಗೆಗೆ ಸ್ವಲ್ಪ ಕಮ್ಮಿ ಅನಿಸುವಷ್ಟೇ ಇರಲಿ, ಒಣಗಿದ ಮೇಲೆ ಜಾಸ್ತಿ ಆಗುತ್ತದೆ. ಇಳಿಸಿ ನಿಂಬೆರಸ ಹಿಂಡಿ, ಸ್ವಲ್ಪ ಆರಿದ ಮೇಲೆ ತಾರಸಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಲ್ಲಿ ಬಿಡುತ್ತಾ ಹೋಗುವುದು.

ಮೊದಲ ಪಾತ್ರೆ ಇಳಿಸಿದಾಗ ಅವನು ಬಗ್ಗಿ ನೋಡಿ, "ಅಮ್ಮ ಎಳ್ಳು ಹಾಕ್ತಿತ್ತು" ಅಂದ. ಅಂದವನೇ ನನ್ನ ಮುಖ ನೋಡಿದ. ಮದುವೆಯಾದಾಗಿನಿಂದ ಅವನು ನನ್ನೆದುರು ಅಮ್ಮನ ಮಾತೆತ್ತಿದ್ದು ಅದೇ ಮೊದಲು. ನನಗೆ ಒಂದು ಕ್ಷಣ ಏನು ಹೇಳಬೇಕು ತಿಳಿಯಲಿಲ್ಲ. "ಬಿಳಿಯದಾ, ಕರಿಯದಾ?" ಅಂತ ಕೇಳಿದೆ. ಅವನಿಗೆ ನೆನಪಿರಲಿಲ್ಲ. "ಅಜ್ಜಿಗೆ ಫೋನ್ ಮಾಡು" ಅಂದೆ. ಅಜ್ಜಿ ಆ ಕಡೆಯಿಂದ, "ಕರಿ ಎಳ್ಳು ಕಣೋ, ಹುರೀಬೇಡಿ, ಹಾಗೇ ಉದುರಿಸಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಅವರ ದನಿ ಬರಲಿಲ್ಲ. ಆ ಪಾತ್ರೆಗೆ ಒಂದು ಹಿಡಿ ಕರಿ ಎಳ್ಳು ಹಾಕಿದೆವು. ನಮ್ಮನೆಯ ಸಂಡಿಗೆ ಈಗ ಹಾಗೇ.

ಆಮೇಲಿನದು ಕಾಗೆ ಕಾಯುವ ಕೆಲಸ. ಹಳೆಯ ಕರಿ ಕೊಡೆಯನ್ನು ಕೋಲಿಗೆ ಕಟ್ಟಿ ನಿಲ್ಲಿಸಿದ, ಕಾಗೆಗಳು ಒಂದು ದಿನ ಹೆದರಿದವು, ಮಾರನೆಯ ದಿನ ಕೊಡೆಯ ಮೇಲೇ ಕೂತವು. ಆಮೇಲೆ ಹಳೇ ತಟ್ಟೆ ಬಡಿಯುವುದು, ಕೋಲು ಬೀಸುವುದು, "ಚಿಕ್ಕಿ, ಕಾಗೆ ಬಂತು!" ಅಂತ ಮೇಲಿಂದ ಕೂಗುವುದು. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕವಿದರೆ ಇಡೀ ಮನೆ ತಾರಸಿಗೆ ಓಡಬೇಕು. ನಮ್ಮ ಮಾವ ಮಾತ್ರ ಮೋಡ ಕಂಡರೆ ಖುಷಿ. ರೈತರ ಮನೆಯಲ್ಲಿ ಬೆಳೆದವರು, "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅಂತ ಹೇಳುತ್ತಲೇ ಹಾಳೆಯ ತುದಿ ಹಿಡಿಯುತ್ತಾರೆ. ಮೂರನೆಯ ದಿನ ಮುರಿದರೆ ಕಟಕ್ ಅನ್ನಬೇಕು, ಆಗ ಡಬ್ಬಿಗೆ.

ಇಲ್ಲೇ ಒಂದು ನೋವಿನ ಮಾತೂ ಹೇಳಬೇಕು. ಎದುರು ಬೀದಿಯ ಒಬ್ಬರು ನಮ್ಮ ಅತ್ತಿಗೆಯ ಹತ್ತಿರ, "ಮಗೂನ ಬಿಸಿಲಲ್ಲಿ ಕೂರಿಸಿ ಕೆಲಸ ಮಾಡಿಸ್ತಾಳೆ, ಮಲತಾಯಿ ಅಲ್ವಾ" ಅಂದರಂತೆ. ಅವರ ಮಕ್ಕಳು ಅಂಗಡಿಗೆ ಹೋದರೆ ಜಾಣರು, ನನ್ನ ಹುಡುಗ ಹೋದರೆ ಆಳು. ಪೇಪರಿನಲ್ಲಿ ಸರ್ಕಾರದ "ಮಲತಾಯಿ ಧೋರಣೆ" ಅಂತ ಓದಿದಾಗಲೆಲ್ಲ ನನಗೆ ಚುಚ್ಚುತ್ತದೆ. ಆ ರಾತ್ರಿ ತುಂಬಾ ಅತ್ತೆ. ನಾಳೆಯಿಂದ ಏನೂ ಮಾಡಿಸುವುದಿಲ್ಲ ಅಂತಲೂ ಅಂದುಕೊಂಡೆ. ನಮ್ಮ ಮನೆಯವರು ಒಂದೇ ಮಾತು ಕೇಳಿದರು: "ಅವನು ಬೇಡ ಅಂದ ದಿನ ನೀನು ಬಿಟ್ಟಿದ್ದೀಯಾ?" ಬಿಟ್ಟಿದ್ದೆ. ಹೋಗಿ ಆಡಿಕೋ ಅಂದಿದ್ದೆ. "ಹಾಗಾದರೆ ಸರಿ" ಅಂದರು.

ಆ ಮಾತನ್ನೇ ನಾನು ಅಳತೆಗೋಲು ಮಾಡಿಕೊಂಡಿದ್ದೇನೆ. ಯಾವ ಕೆಲಸವನ್ನೂ ಅವನು ಅರ್ಧಕ್ಕೆ ಬಿಟ್ಟು ಹೋಗಬಹುದು, ಬೈಗುಳ ಇಲ್ಲ. ಕಸ ಗುಡಿಸು, ಪಾತ್ರೆ ತೊಳಿ ಅಂತ ನಾನು ಹೇಳುವುದಿಲ್ಲ. ಅದನ್ನು ಅವರಪ್ಪ ತಾನೂ ಮಾಡುತ್ತಾ ಮಾಡಿಸುತ್ತಾರೆ. ಕಾಗೆ ಕಾಯುವುದು ಬೆಳಗ್ಗೆ ಹತ್ತರವರೆಗೆ ಮಾತ್ರ, ನೀರಿನ ಟ್ಯಾಂಕಿನ ನೆರಳಲ್ಲಿ, ಟೋಪಿ ಹಾಕಿಕೊಂಡು, ಜೊತೆಗೆ ತಾತ. ಆಮೇಲೆ ಮೇಲೆ ತೆಳು ಬಟ್ಟೆ ಹೊದಿಸಿ ಇಳಿದು ಬರುವುದು. ಜನ ಏನಂದರು ಅಂತ ಇದನ್ನು ಬದಲಿಸಲಿಲ್ಲ, ನಮ್ಮ ಬಿಸಿಲು ನಿಜವಾಗಿಯೂ ಜೋರಾಗಿರುತ್ತದೆ.

ಮೊಬೈಲ್ ವಿಷಯವೂ ಅಷ್ಟೇ. ದಿನಕ್ಕೆ ಒಂದು ಗಂಟೆ ಅನ್ನುವ ನಿಯಮ ಹೇಳಿದ್ದು ಅವರಪ್ಪ. ಕಟ್ಟುನಿಟ್ಟಿನ ಮಾತು ಹೆತ್ತವರ ಬಾಯಿಂದಲೇ ಬರಬೇಕು. ನಾನು ಬರೀ ಗಡಿಯಾರ ನೋಡಿ, "ಅಪ್ಪ ಹೇಳಿದ ಗಂಟೆ ಆಯ್ತು ನೋಡು" ಅನ್ನುತ್ತೇನೆ. ಮೊದಲ ಒಂದೆರಡು ವರ್ಷ ಹೀಗಿದ್ದರೆ ಒಳ್ಳೆಯದು.

ಮಧ್ಯಾಹ್ನದ ಹೊತ್ತು ಪೂರ್ತಿ ಮಾವನದು. ಚೌಕಾಬಾರ. ಕವಡೆ ಸಿಗಲಿಲ್ಲ ಅಂತ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಪಕ್ಕ ಬೆಳ್ಳಗೆ ಮಾಡಿಕೊಂಡರು. ಆ ಉಜ್ಜುವುದೇ ಎರಡು ದಿನದ ಆಟ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಎಂಟು. ಮಾವ ಮಗು ಅಂತ ಬಿಟ್ಟುಕೊಡುವವರಲ್ಲ, ಇನ್ನೇನು ಹಣ್ಣಾಗಬೇಕು ಅನ್ನುವ ಕಾಯಿಯನ್ನೂ ಕಡಿಯುತ್ತಾರೆ. ಅವನು ಸಿಟ್ಟಾಗಿ ಎದ್ದು ಹೋಗಿ, ಐದು ನಿಮಿಷಕ್ಕೆ ವಾಪಸ್ ಬರುತ್ತಾನೆ. ಸಂಜೆ ಸೈಕಲ್ ಅಪ್ಪನ ಜೊತೆ. ಅಲ್ಲಿಗೆ ನಾನು ಹೋಗುವುದಿಲ್ಲ. ಅಪ್ಪ ಮಗ ಇಬ್ಬರೇ ಇರುವ ಒಂದು ಗಂಟೆ ಅವನಿಗೆ ಬೇಕು ಅಂತ ನನಗೆ ಚೆನ್ನಾಗಿ ಗೊತ್ತು.

ಊರು ಸುತ್ತಿಸುವುದು ರಜೆಗೆ ಎರಡೇ ಸಲ. ಹೋದ ವರ್ಷ ಹಳೇಬೀಡಿಗೆ ಹೋಗಿದ್ದೆವು, ನಮ್ಮಿಂದ 30 ಕಿಲೋಮೀಟರ್ ಚಿಲ್ಲರೆ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ ದೇವಸ್ಥಾನ. ಮಕ್ಕಳನ್ನು ಕರೆದುಕೊಂಡು ಹೋಗುವವರು ಬೆಳಗ್ಗೆ ಬೇಗ ಹೋಗಿ, ಕಾಲುಚೀಲ ಮರೆಯಬೇಡಿ. ಚಪ್ಪಲಿ ಬಿಟ್ಟು ನಡೆಯಬೇಕು, ಹನ್ನೊಂದರ ಮೇಲೆ ಕಲ್ಲು ಸುಡುತ್ತದೆ. ಇತಿಹಾಸ ಹೇಳಲು ಹೋಗಲಿಲ್ಲ, ಒಂದು ಹುಡುಕಾಟ ಕೊಟ್ಟೆ. ಗೋಡೆಯ ತೀರಾ ಕೆಳಗಿನ ಸಾಲು ಆನೆಗಳದ್ದು. ಮೇಲೆ ಹೋದರೆ ಮಕರಗಳ ಸಾಲು ಬರುತ್ತದೆ. ಒಂದೇ ಪ್ರಾಣಿ, ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ. "ಇದರಲ್ಲಿ ಎಷ್ಟು ಪ್ರಾಣಿ ಇವೆ ಕಂಡುಹಿಡಿ" ಅಂದೆ. ಅವನು ಬಗ್ಗಿ, ಎದ್ದು, ಕತ್ತು ಓರೆ ಮಾಡಿ ದೇವಸ್ಥಾನ ಪೂರ್ತಿ ಒಂದು ಸುತ್ತು ಬಂದ. ಆಮೇಲೆ ಮನೆಯಲ್ಲಿ ಚೂರು ಬಟ್ಟೆ ಅಂಟಿಸಿ ಅವನದೇ ಒಂದು ಮಕರ ಮಾಡಿದ. ಅದಕ್ಕೆ ಕಾಗೆಯ ಕೊಕ್ಕು. ನನ್ನ ಮೆಷಿನ್ ಮೇಲಿನ ಗೋಡೆಯಲ್ಲಿದೆ.

ಇನ್ನೊಂದು ತಿರುಗಾಟ ಅಜ್ಜಿ ಮನೆಗೆ ಹೋಗುವ ದಾರಿಯಲ್ಲೇ. ಸಕಲೇಶಪುರ ದಾಟಿದರೆ ಮಂಜರಾಬಾದ್ ಕೋಟೆ, 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಅಪ್ಪ ಮಗ ಮೆಟ್ಟಿಲು ಹತ್ತಿ ಬಂದರು, ನಾನು ಕೆಳಗೆ ಬ್ಯಾಗು ಕಾಯುತ್ತಾ ಕೂತಿದ್ದೆ.

ಮೊದಲ ವರ್ಷ ಅಜ್ಜಿ ಮನೆಗೆ ನಾನು ಹೋಗಿರಲಿಲ್ಲ. ಮಗಳು ಇರಬೇಕಾದ ಜಾಗದಲ್ಲಿ ನನ್ನನ್ನು ನೋಡಿ ಅವರಿಗೆ ಏನನಿಸೀತೋ ಅಂತ ಭಯ. ಎರಡನೇ ವರ್ಷ ಎಳ್ಳಿನ ಸಂಡಿಗೆಯ ಡಬ್ಬಿ ಹಿಡಿದುಕೊಂಡು ನಾನೂ ಹೋದೆ. ಅಜ್ಜಿ ಹಲಸಿನ ಹಣ್ಣು ಬಿಡಿಸುತ್ತಿದ್ದರು, ಕೈಗೆಲ್ಲ ಎಣ್ಣೆ. "ಬಾ ಮಗಾ, ಕೂತ್ಕೋ" ಅಂದರು. ಡಬ್ಬಿ ತೆಗೆದು ಒಂದು ಸಂಡಿಗೆ ಬೆಳಕಿಗೆ ಹಿಡಿದು ಎಳ್ಳು ನೋಡಿದರು. ಅಲ್ಲೇ ಕರಿಯಲು ಎದ್ದರು. ಹದಿನೈದು ದಿನ ಅವನನ್ನು ಅಲ್ಲಿ ಬಿಟ್ಟು ಬಂದೆವು. ಆ ಹದಿನೈದು ದಿನ ನಾನು ಫೋನ್ ಮಾಡಿ "ಊಟ ಆಯ್ತಾ, ಸ್ನಾನ ಆಯ್ತಾ" ಅಂತ ಕೇಳುವುದಿಲ್ಲ. ಅದು ಅವನ ಅಮ್ಮನ ಮನೆ, ಅಲ್ಲಿ ಅವನು ಅವರ ಮಗುವಾಗಿ ಇರಲಿ. ಅವನೇ ಫೋನ್ ಮಾಡುತ್ತಾನೆ, ದಾರದ ಡಬ್ಬಿ ಯಾರಾದರೂ ಮುಟ್ಟಿದರಾ ಅಂತ ಕೇಳಲು.

ಈ ವರ್ಷದ ಪರೀಕ್ಷೆ ನಿನ್ನೆ ಮುಗಿಯಿತು. ಎರಡು ಕೆಜಿ ಸಬ್ಬಕ್ಕಿ ತಂದಿಟ್ಟಿದ್ದೇನೆ. ಅದರಲ್ಲಿ ಒಂದು ಕೆಜಿಯದ್ದು ಅಜ್ಜಿಗಂತೆ, ಅವನೇ ಹೇಳಿದ್ದಾನೆ. ಹಳೇ ಕೊಡೆ ಕೆಲಸಕ್ಕೆ ಬರುವುದಿಲ್ಲ ಅಂತ ಈಗ ತಾರಸಿಯಲ್ಲಿ ತಾತನ ಜೊತೆ ಸೇರಿ ಬಟ್ಟೆಯ ಚೂರುಗಳನ್ನು ದಾರಕ್ಕೆ ಪೋಣಿಸಿ ಕಟ್ಟುತ್ತಿದ್ದಾನೆ. ಯಾವ ದಾರ ತೆಗೆದುಕೊಂಡನೋ, ಹೋಗಿ ನೋಡಬೇಕು.